ನಾಲ್ಕನೆಯ ಆಮೆನ್

ನಮ್ಮಪ್ಪ ಮನೆಯಲ್ಲಿ ಯಾರನ್ನೂ ಬೈದವರಲ್ಲ. ಬೈಯುವ ಕೆಲಸವನ್ನೆಲ್ಲ ಪ್ರಾರ್ಥನೆಯಲ್ಲೇ ಮುಗಿಸಿಬಿಡುತ್ತಿದ್ದರು.

ಐವತ್ತೆಂಟನೇ ಇಸವಿಯ ಮಾತು. ಜಯನಗರದ ಮೂರನೇ ಬ್ಲಾಕಿನಲ್ಲಿ ನಮ್ಮ ಮನೆ ಎದ್ದು ಇನ್ನೂ ವರ್ಷವಾಗಿರಲಿಲ್ಲ. ಎದುರಿನ ಸೈಟಿನಲ್ಲಿ ಹಿಂದಿನ ಬೆಳೆಯ ರಾಗಿ ಕೂಳೆ ಹಾಗೇ ಇತ್ತು. ಸಂಜೆ ಏಳಕ್ಕೆ ಸರಿಯಾಗಿ ನಡುಮನೆಯಲ್ಲಿ ಚಾಪೆ ಹಾಸಬೇಕು. ಅಪ್ಪ, ಅಮ್ಮ, ಹತ್ತು ವರ್ಷದ ನಾನು, ಐದು ವರ್ಷದ ನನ್ನ ತಂಗಿ ಜಯಶೀಲಾ, ನಾಲ್ವರೂ ಮೊಣಕಾಲೂರಬೇಕು. ಒಂದು ಕೀರ್ತನೆ, ಬೈಬಲ್ಲಿನ ಒಂದು ಅಧ್ಯಾಯ, ಆಮೇಲೆ ಅಪ್ಪನ ಪ್ರಾರ್ಥನೆ. ಮಕ್ಕಳಿಗೆ ಭಕ್ತಿ ಮನೆಯಲ್ಲೇ ಅಂಟಬೇಕು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ನಮ್ಮ ಮೊಣಕಾಲಿಗಂತೂ ಚಾಪೆಯ ಗೆರೆ ಚೆನ್ನಾಗಿ ಅಂಟಿತ್ತು.

ಅಪ್ಪ, ಎಂದರೆ ಸಮುವೇಲಪ್ಪನವರು, ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಗುಮಾಸ್ತರು. ಅಲ್ಲಿ ಸಾಹೇಬರ ಎದುರು ತುಟಿ ಬಿಚ್ಚುವಂತಿಲ್ಲ. ಹಗಲೆಲ್ಲ ಅದುಮಿಟ್ಟ ಮಾತು ಸಂಜೆ ಏಳಕ್ಕೆ ಕಟ್ಟೆಯೊಡೆಯುತ್ತಿತ್ತು. "ಪರಲೋಕದ ತಂದೆಯೇ, ಈ ಮೂಲಕ ನಿನ್ನ ಪಾದಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಶುರು. ದೇವರಿಗೆ ತಿಳಿಯದ್ದು ಯಾವುದೂ ಇಲ್ಲವೆಂದು ನಮಗೆ ಕಲಿಸಿದವರು ಅವರೇ. ಆದರೂ ಮನೆಯ ಪ್ರತಿಯೊಂದು ಸಂಗತಿಯನ್ನೂ ದೇವರಿಗೆ ವರದಿ ಮಾಡುತ್ತಿದ್ದರು. "ಕರ್ತನೇ, ಸಾರಿಗೆ ಉಪ್ಪು ಮರೆತ ನಿನ್ನ ದಾಸಿಗೆ ಜ್ಞಾಪಕಶಕ್ತಿ ದಯಪಾಲಿಸು. ಗಣಿತದಲ್ಲಿ ನೂರಕ್ಕೆ ಹದಿನೇಳು ತಂದಿರುವ ಎಸ್ತೇರಳ ಸೋಮಾರಿತನವನ್ನು ಬೇರುಸಹಿತ ಕಿತ್ತುಹಾಕು. ನನ್ನ ಛತ್ರಿ ಒಯ್ದು ಆರು ತಿಂಗಳಾದರೂ ತಂದುಕೊಡದ ಬಾಮೈದನ ಮನಸ್ಸಾಕ್ಷಿಯನ್ನು ಚುಚ್ಚು."

ಎಸ್ತೇರ್ ಎಂದರೆ ನಾನು. ಕಣ್ಣು ಮುಚ್ಚಿ ಕೈ ಜೋಡಿಸಿ ಕೂತವರು ಎದುರುತ್ತರ ಕೊಡುವುದು ಹೇಗೆ? ನಡುವೆ ಬಾಯಿ ಹಾಕಿದರೆ ಅದು ಅಪ್ಪನಿಗೆ ಎದುರಾಡಿದ್ದಲ್ಲ, ದೇವರಿಗೆ ಅಡ್ಡ ಬಂದದ್ದು. ಇಷ್ಟು ಭದ್ರವಾದ ಕೋಟೆ ಯಾವ ಪಾಳೇಗಾರನಿಗೂ ಇದ್ದಿರಲಿಕ್ಕಿಲ್ಲ.

ಕೊನೆಯಲ್ಲಿ ಎಲ್ಲರೂ ಆಮೆನ್ ಅನ್ನಬೇಕು. ಅಪ್ಪ ಎಣಿಸುತ್ತಿದ್ದರು. ತಮ್ಮದೊಂದು, ಅಮ್ಮನದೊಂದು, ನನ್ನದೊಂದು, ಜಯಶೀಲಾಳದೊಂದು. ನಾಲ್ಕೂ ಬೀಳುವವರೆಗೆ ಯಾರೂ ಏಳುವಂತಿಲ್ಲ, ಊಟಕ್ಕೆ ತಟ್ಟೆ ಹಾಕುವಂತಿಲ್ಲ. ಅಪ್ಪನೇ ಮಾಡಿದ ಕಾನೂನು ಅದು.

ಒಂದು ಸೋಮವಾರ ಮಧ್ಯಾಹ್ನ ಪಕ್ಕದ ಮನೆಯ ಸಿದ್ದಗಂಗಮ್ಮ ಬಂದರು. ಎರಡು ಬೀದಿ ಆಚೆ ಹೊಸದಾಗಿ ಒಂದು ಪ್ರೈಮರಿ ಸ್ಕೂಲು ಶುರುವಾಗಿತ್ತು. ಅವರ ಯಜಮಾನರು ಕರಿಬಸವಯ್ಯನವರು ಅದರ ಕಮಿಟಿಯಲ್ಲಿದ್ದರು.

"ಟ್ರೈನಿಂಗ್ ಆಗಿರೋ ಟೀಚರು ಬೇಕಂತೆ ಸುಗುಣಮ್ಮ. ನಿಮ್ಮದು ಆಗಿದೆಯಲ್ಲ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಬಂದು ಸೇರ್ಕೊಳ್ಳಿ. ಬರದೇ ಇದ್ರೆ ಬೇರೆಯೋರನ್ನ ತಗೋತಾರೆ."

ಅಮ್ಮ ಮದುವೆಗೆ ಮುಂಚೆ ಎರಡು ವರ್ಷ ಮಿಷನ್ ಶಾಲೆಯಲ್ಲಿ ಪಾಠ ಹೇಳಿದವಳು. ಸಿದ್ದಗಂಗಮ್ಮ ಅತ್ತ ಹೋದದ್ದೇ ತಡ, ಟ್ರಂಕಿನ ತಳದಿಂದ ಸರ್ಟಿಫಿಕೇಟು ತೆಗೆದಳು. ಅದನ್ನು ಎರಡು ಸಲ ಓದಿ, ಸೆರಗಿನಲ್ಲಿ ಒರೆಸಿ, ಕನ್ನಡಿಯ ಹಿಂದೆ ಸಿಕ್ಕಿಸಿದಳು. ಆಮೇಲೆ ಅಡುಗೆ ಮಾಡುತ್ತಾ ಕೀರ್ತನೆ ಹಾಡಿದಳು. ಏಳು ಗಂಟೆಯಾಗದೆ ಅವಳು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಕಾಫಿ ಕೊಡುತ್ತಾ ವಿಷಯ ತೆಗೆದಳು. ಅಪ್ಪ ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. "ಪ್ರಾರ್ಥನೆ ಮಾಡೋಣ" ಎಂದರು. ನಮ್ಮ ಮನೆಯಲ್ಲಿ ಹೊಸ ಸೀರೆಗೂ ಬನ್ನೇರುಘಟ್ಟದ ಪಿಕ್ನಿಕ್ಕಿಗೂ ಬೆಕ್ಕಿನ ಮರಿಗೂ ಇದೇ ಉತ್ತರ ಸಿಕ್ಕಿತ್ತು. ಯಾವುದೂ ಬಂದಿರಲಿಲ್ಲ.

ಅಂದು ಏಳಕ್ಕೆ ಪ್ರಾರ್ಥನೆಯಲ್ಲಿ ಹೊಸ ಅಂಶವೊಂದು ಸೇರಿತು. "ಕರ್ತನೇ, ಮನೆಯೆಂಬ ದ್ರಾಕ್ಷಿತೋಟವನ್ನು ಬಿಟ್ಟು ಹೊರಗೆ ಹೋಗಬೇಕೆಂಬ ಆಸೆಯನ್ನು ನಿನ್ನ ದಾಸಿಯ ಹೃದಯದಿಂದ ತೆಗೆದುಹಾಕು. ಅವಳಿಗೆ ತೃಪ್ತಿಯೆಂಬ ವರವನ್ನು ಕೊಡು. ಆಮೆನ್."

"ಆಮೆನ್" ಎಂದಳು ಅಮ್ಮ. ತನ್ನ ಕತ್ತಿಗೆ ತಾನೇ ಹಗ್ಗ ಹಾಕಿಕೊಂಡು ಸರಿಯಾಗಿ ಬಿಗಿದಿದೆಯೇ ಎಂದೂ ನೋಡಿಕೊಂಡಳು ಅನ್ನಿ. ನಾನೂ ಆಮೆನ್ ಎಂದೆ. ಕನ್ನಡಿಯ ಹಿಂದಿನ ಸರ್ಟಿಫಿಕೇಟು ನೋಡಿದವಳು ನಾನು, ಆ ಹಾಡು ಕೇಳಿದವಳು ನಾನು, ಆದರೂ ಅಂದೆ. ಅಂದು ಅಮ್ಮ ಬಸ್ಸಾರು ಮಾಡಿದ್ದಳು, ನನಗೆ ಹಸಿವಾಗಿತ್ತು. ಈಗ ನೆನೆದರೂ ನಾಚಿಕೆಯಾಗುತ್ತದೆ.

ಮಂಗಳವಾರವೂ ಅದೇ ಅರ್ಜಿ, ಅದೇ ನಾಲ್ಕು ಆಮೆನ್. ಬುಧವಾರ ಜಯಶೀಲಾ ಹಸಿವು ತಾಳದೆ ಪ್ರಾರ್ಥನೆಯ ನಡುವೆಯೇ ಮೂರು ಸಲ ಆಮೆನ್ ಎಂದುಬಿಟ್ಟಳು. ಅಪ್ಪ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಧರ್ಮಬೋಧೆ ಮಾಡಿದರು.

"ಆಮೆನ್ ಅಂದ್ರೆ 'ಹಾಗೇ ಆಗಲಿ' ಅಂತ ಕಣಮ್ಮ. ಕಾಗದಕ್ಕೆ ರುಜು ಹಾಕಿದ ಹಾಗೆ. ಏನು ಬರೆದಿದೆ ಅಂತ ನೋಡದೆ ರುಜು ಹಾಕ್ತಾರಾ? ಪೂರ್ತಿ ಕೇಳ್ಬೇಕು. ಮನಸ್ಸಿನಿಂದ ಅನ್ನಬೇಕು."

"ಮನಸ್ಸಿಲ್ಲದೆ ಅಂದ್ರೆ?"

"ದೇವರ ಮುಂದೆ ಸುಳ್ಳು ಹೇಳಿದ ಹಾಗೆ."

"ದೇವರಿಗೆ ಗೊತ್ತಾಗ್ಬಿಡತ್ತಾ?"

"ಗೊತ್ತಾಗದೆ ಇರತ್ತಾ?" ಎಂದು ಅಪ್ಪ ಹೆಮ್ಮೆಯಿಂದ ನಮ್ಮ ಕಡೆ ನೋಡಿದರು. ಮಗುವಿನ ತಲೆಯಲ್ಲಿ ಒಂದು ಸತ್ಯ ನೆಟ್ಟ ಸಂತೋಷ ಅವರಿಗೆ. ತಮಗೆ ತಾವೇ ಹಳ್ಳ ತೋಡಿಕೊಂಡದ್ದು ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಸಿದ್ದಗಂಗಮ್ಮ ಮತ್ತೆ ಬಂದರು. "ಏನು ತೀರ್ಮಾನ ಆಯ್ತು?"

"ನಮ್ಮನೆಯವರು ಪ್ರಾರ್ಥನೆ ಮಾಡ್ತಿದಾರೆ" ಎಂದಳು ಅಮ್ಮ.

"ನಿಮ್ಮ ಪರವಾಗೂ ಅವರೇ ಕೇಳ್ಕೋತಾರಾ? ಚೆನ್ನಾಯ್ತು! ನಮ್ಮಲ್ಲಿ ಅವರವರ ಲಿಂಗ ಅವರವರ ಅಂಗೈ ಮೇಲೆ ಕಣಮ್ಮ. ಅವರ ಪೂಜೆ ಅವರದ್ದು, ನನ್ನದು ನನ್ನದು. ಅವರು ನನ್ನ ಬದಲು ಊಟ ಮಾಡಿದ್ರೆ ನನ್ನ ಹೊಟ್ಟೆ ತುಂಬತ್ತಾ?"

ಅಮ್ಮ ನಕ್ಕಳು. ಅವರು ಹೋದ ಮೇಲೆ ಕನ್ನಡಿಯ ಹಿಂದಿನ ಸರ್ಟಿಫಿಕೇಟು ತೆಗೆದು ಮತ್ತೊಮ್ಮೆ ಓದಿದಳು.

ಗುರುವಾರ ಸಂಜೆಯದು ಕೊನೆಯ ಪ್ರಾರ್ಥನೆ. ಮಾರನೆಯ ದಿನ ಹತ್ತು ಗಂಟೆ ದಾಟಿದರೆ ಎಲ್ಲವೂ ತಾನಾಗಿ ಮುಗಿಯುತ್ತಿತ್ತು. ಅದು ಅಪ್ಪನಿಗೂ ಗೊತ್ತು, ಹಾಗಾಗಿ ಅಂದು ವಿಶೇಷ ಉತ್ಸಾಹದಿಂದ ಬೇಡಿಕೊಂಡರು. "ಹೊರಗಿನ ಆಸೆಯನ್ನು ನಿನ್ನ ದಾಸಿಯಿಂದ ತೆಗೆದುಹಾಕು. ಆಮೆನ್."

ಅಮ್ಮ ಅಂದಳು. ನಾನು ಅಂದೆ. ನಾಲ್ಕನೆಯದು ಬೀಳಲಿಲ್ಲ.

"ಜಯಶೀಲಾ" ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ.

"ಏನಪ್ಪಾ?"

"ಆಮೆನ್ ಅನ್ನು."

"ಬೇಡಪ್ಪಾ."

ಅಪ್ಪನ ಕಣ್ಣು ತೆರೆಯಿತು. "ಯಾಕೆ?"

"ನಂಗೆ ಅಮ್ಮ ಸ್ಕೂಲಿಗೆ ಹೋಗ್ಲಿ ಅಂತ ಇದೆ. ಆಮೆನ್ ಅಂದ್ರೆ ಸುಳ್ಳಾಗತ್ತೆ. ದೇವರಿಗೆ ಗೊತ್ತಾಗತ್ತೆ."

ಅಪ್ಪ ಮತ್ತೆ ಕಣ್ಣು ಮುಚ್ಚಿದರು. ಈ ಮಗುವಿನ ಹಠಮಾರಿತನವನ್ನು ಮುರಿಯಬೇಕೆಂದು ಐದು ನಿಮಿಷ ಮೊರೆಯಿಟ್ಟರು. "ಇದಕ್ಕೂ ಇಲ್ಲ" ಎಂದಳು ಜಯಶೀಲಾ, ತರಕಾರಿಯವನೊಡನೆ ಚೌಕಾಸಿ ಮಾಡುವ ಹೆಂಗಸಿನಂತೆ.

ಗದರಿಸಿ ಅನ್ನಿಸಿದರೆ ತಾವೇ ಮಗುವಿನಿಂದ ಸುಳ್ಳು ಹೇಳಿಸಿದಂತೆ. ಆಮೆನ್ ಇಲ್ಲದೆ ಎದ್ದರೆ ತಮ್ಮ ಕಾನೂನು ತಾವೇ ಮುರಿದಂತೆ. ಆಗ ಅಪ್ಪನೊಳಗಿನ ಗುಮಾಸ್ತರು ಎದ್ದರು, ಕರಡು ತಿದ್ದತೊಡಗಿದರು. "ತೆಗೆದುಹಾಕು" ಎನ್ನುವುದನ್ನು "ಸ್ವಲ್ಪ ಕಡಿಮೆ ಮಾಡು" ಎಂದು ಮಾಡಿದರು. ಇಲ್ಲ. "ಇನ್ನೆರಡು ವರ್ಷ ಮುಂದಕ್ಕೆ ಹಾಕು" ಎಂದರು. ಇಲ್ಲ. "ನಿನ್ನ ಚಿತ್ತದಂತೆ ಆಗಲಿ" ಎಂದರು. ಜಯಶೀಲಾ ಯೋಚಿಸಿದಳು.

"ದೇವರ ಚಿತ್ತ ಏನಂತಪ್ಪಾ? ಮೊದ್ಲು ಅದನ್ನ ಹೇಳು."

ಹೊರಗೆ ಕತ್ತಲಾಗಿತ್ತು. ಅಡುಗೆಮನೆಯಲ್ಲಿ ಅನ್ನ ಆರಿಹೋಗಿತ್ತು. ಅಷ್ಟರಲ್ಲಿ ಅಪ್ಪನ ಹೊಟ್ಟೆ ಗುರ್ರೆಂದಿತು. ಎಲ್ಲರಿಗೂ ಕೇಳಿಸಿತು. ನನಗೆ ನಗು ತಡೆಯಲಾಗದೆ ತುಟಿ ಕಚ್ಚಿಕೊಂಡೆ.

ಆಗ ಅಮ್ಮ ಬಾಯಿ ತೆರೆದಳು. ಆ ಚಾಪೆಯ ಮೇಲೆ ಅವಳ ಬಾಯಿಂದ ಆಮೆನ್ ಬಿಟ್ಟು ಬೇರೆ ಮಾತು ಬಂದದ್ದನ್ನು ನಾನು ಕಂಡಿರಲಿಲ್ಲ. ಕಣ್ಣು ಮುಚ್ಚಿ, ಪಕ್ಕದಲ್ಲೇ ಕೂತ ಯಾರೊಂದಿಗೋ ಮಾತಾಡುವ ಹಾಗೆ ಹೇಳಿದಳು:

"ಕರ್ತನೇ, ನಾಳೆ ಹತ್ತು ಗಂಟೆಗೆ ನಾನು ಸ್ಕೂಲಿಗೆ ಹೋಗ್ತೀನಿ. ಅನ್ನ ಸಾರು ಮಾಡಿಟ್ಟೇ ಹೋಗ್ತೀನಿ. ಹೋಗ್ಬೇಕು ಅಂತ ನಂಗೆ ತುಂಬಾ ಆಸೆ ಇದೆ. ಅದನ್ನ ತೆಗೀಬೇಡ. ನಮ್ಮನೆಯವರಿಗೆ ಹಸಿವಾಗಿದೆ, ಬೇಗ ಊಟ ಸಿಗೋ ಹಾಗೆ ಮಾಡು. ಆಮೆನ್."

"ಆಮೆನ್!" ಜಯಶೀಲಾಳ ಕೂಗು ಸಿದ್ದಗಂಗಮ್ಮನ ಮನೆಗೂ ಕೇಳಿಸಿರಬೇಕು. ನಾನೂ ಅಂದೆ, ನಾಲ್ಕು ದಿನದಲ್ಲಿ ಮೊದಲ ಸಲ ಮನಸ್ಸಿನಿಂದ.

ಮೂರಾಯಿತು. ಎಲ್ಲರೂ ಅಪ್ಪನ ಕಡೆ ನೋಡಿದೆವು. ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿಲ್ಲ, ಮುಗಿದ ಮೇಲೆ ಆಮೆನ್ ಅನ್ನದೆ ಏಳುವಂತಿಲ್ಲ. ಗೋಡೆಯ ಗಡಿಯಾರದಲ್ಲಿ ಎಂಟು ಹೊಡೆಯಿತು. ಹೊಟ್ಟೆ ಮತ್ತೊಮ್ಮೆ ಗುರ್ರೆಂದಿತು.

"ಆಮೆನ್" ಎಂದರು ಅಪ್ಪ.

"ಮನಸ್ಸಿನಿಂದಾನಾ ಅಪ್ಪಾ?" ಎಂದು ಕೇಳಿದಳು ಜಯಶೀಲಾ.

ಅಪ್ಪ ಎದ್ದು ಕೈ ತೊಳೆಯಲು ಹೋದರು.

ಶುಕ್ರವಾರ ಬೆಳಿಗ್ಗೆ ಅಮ್ಮ ಬಿಳಿ ಸೀರೆಯುಟ್ಟು, ಸರ್ಟಿಫಿಕೇಟು ಹಿಡಿದು ಸಿದ್ದಗಂಗಮ್ಮನ ಜೊತೆ ಹೋದಳು. ಒಂದನೇ ಕ್ಲಾಸು ಕೊಟ್ಟರು. ಸಂಜೆ ಬಂದಾಗ ಅವಳ ಕೈಗೆಲ್ಲ ಸೀಮೆಸುಣ್ಣ ಮೆತ್ತಿತ್ತು. ತೊಳೆಯಲು ಅವಳು ಅವಸರ ಮಾಡಲಿಲ್ಲ.

ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತಿಗೆ, ಎಂದರೆ ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ಹೊತ್ತಿಗೆ, ಅಪ್ಪ ಕೋಟು ಸರಿಮಾಡಿಕೊಂಡು ಎದ್ದು ನಿಂತರು. "ಪ್ರಿಯರೇ, ನನ್ನ ಹೆಂಡತಿಯ ಕೆಲಸದ ವಿಷಯವಾಗಿ ನಾಲ್ಕು ದಿನ ಎಡೆಬಿಡದೆ ಪ್ರಾರ್ಥಿಸಿದೆ. ಕರ್ತನು ನನ್ನ ಮೊರೆಗೆ ಕಿವಿಗೊಟ್ಟನು. ಅವಳಿಗೆ ಶಾಲೆಯಲ್ಲಿ ಕೆಲಸವಾಯಿತು."

"ಆಮೆನ್" ಎಂದಿತು ಇಡೀ ಸಭೆ. ಅಮ್ಮ ತಲೆ ತಗ್ಗಿಸಿ ಕೀರ್ತನೆ ಪುಸ್ತಕದ ಹಾಳೆ ತಿರುವುತ್ತಿದ್ದಳು. ನನ್ನ ಪಕ್ಕದಲ್ಲಿ ಜಯಶೀಲಾ ಎರಡೂ ತುಟಿಗಳನ್ನು ಒಳಗೆಳೆದುಕೊಂಡು, ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದಳು.

ಅವತ್ತು ನಾನೂ ಅನ್ನಲಿಲ್ಲ.