ಅಜ್ಜಿಯ ಮಂಡಿಯ ವಿಷಯ

ಭಾನುವಾರ ಬಂತೆಂದರೆ ನಮಗೆ ಕಾಲು ಸೋಲುತ್ತಿತ್ತು. ಚಪ್ಪಲಿ ಬಿಟ್ಟು ಕಂಡವರ ಮನೆಯೊಳಗೆ ಹೋಗಿ, ಅವರ ಅಡುಗೆಮನೆಯ ಕಪಾಟು ನೋಡಿ, ಬೆವರೊರೆಸಿಕೊಂಡು ಹೊರಗೆ ಬರುವುದೇ ನಮ್ಮ ರಜೆಯಾಗಿತ್ತು. ಬೇಕಿದ್ದದ್ದು ನೆಲಮಹಡಿಯ ಒಂದು ಪುಟ್ಟ ಸ್ವಂತ ಮನೆ. ಈಗಿರುವ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿದೆ, ಅಜ್ಜಿಯ ಮಂಡಿ ಸವೆದಿದೆ. ಕಳೆದ ಚಳಿಗಾಲದಿಂದ ಅವಳು ಬೀದಿ ಕಂಡಿರುವುದು ಕಿಟಕಿಯಿಂದಲೇ. ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಕಟ್ಟಡಕ್ಕೆ ಲಿಫ್ಟೇ ಇಲ್ಲ.

"ನನ್ನ ಮಗ ಊರವರನ್ನೆಲ್ಲ ಮೇಲಕ್ಕೆ ತಂದ, ನನ್ನೊಬ್ಬಳನ್ನ ಕೆಳಗಿಳಿಸಕ್ಕಾಗ್ಲಿಲ್ಲ," ಎಂದು ಅಜ್ಜಿ ನಗುತ್ತಾಳೆ.

ಬ್ರೋಕರ್ ಬೇಡವೆಂಬುದು ಅಪ್ಪನ ಹಟ. "ಮಾರೋನಿದಾನೆ, ಕೊಳ್ಳೋನಿದೀನಿ. ಮಧ್ಯ ಇನ್ನೊಬ್ರು ಯಾಕೆ, ಶಿವಪೂಜೇಲಿ ಕರಡಿ ಥರ?"

ಆದರೆ ನಮ್ಮ ಮನೆಯವರಿಗೆ ಚೌಕಾಸಿ ಗೊತ್ತಿಲ್ಲ. ಅಮ್ಮ ಹೊಸಿಲು ದಾಟುವ ಮೊದಲೇ, "ಎಷ್ಟು ಚೆನ್ನಾಗಿಟ್ಕೊಂಡಿದೀರಿ!" ಎಂದುಬಿಡುತ್ತಾಳೆ. ಹಳದಿ ಗೇಟಿನ ಮನೆಯಲ್ಲಿ ಅಪ್ಪ, "ನಮ್ಮಮ್ಮಂಗೆ ಮೆಟ್ಟಿಲು ಹತ್ತಕ್ಕಾಗಲ್ಲ, ಇಂಥದ್ದು ಸಿಗೋದೇ ಕಷ್ಟ," ಎಂದು ಮನಸ್ಸು ಬಿಚ್ಚಿದ. ಮಾಲೀಕ "ಅಯ್ಯೋ ಪಾಪ" ಎಂದ. ಮರುದಿನ ಫೋನ್ ಮಾಡಿ ಬೆಲೆ ಏರಿಸಿದ. ಅಂದಿನಿಂದ ಅಪ್ಪನ ಕಟ್ಟಪ್ಪಣೆ: ಅಜ್ಜಿಯ ಮಂಡಿಯ ವಿಷಯ ಯಾರೂ ಯಾರ ಹತ್ತಿರವೂ ಬಾಯಿ ಬಿಡಕೂಡದು.

ಅಮ್ಮ ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಯಾರೋ ಬ್ರೋಕರ್ ಹೆಂಗಸೊಬ್ಬಳ ನಂಬರ್ ಕೊಟ್ಟರು. ಅಪ್ಪ ಮುಖ ಗಂಟಿಕ್ಕಿದ.

"ನಿನ್ನ ಹೆಂಡ್ತಿನ ಹುಡುಕಿದ್ದೂ ಮಧ್ಯದೋರೇ ಕಣೋ," ಎಂದಳು ಅಜ್ಜಿ. "ನೀನೇ ಹೋಗಿದ್ರೆ ಇನ್ನೂ ಬ್ರಹ್ಮಚಾರಿ."

"ಒಂದು ಮನೆ ತೋರಿಸ್ಲಿ. ಅವಳ ಮೂಲಕ ಹೋಗೋದಾ ಬೇಡ್ವಾ ಆಮೇಲೆ ನೋಡೋಣ," ಎಂದ ಅಪ್ಪ. ಒಪ್ಪಿದ್ದಕ್ಕಿಂತ ಸುಸ್ತಾಗಿದ್ದೇ ಹೆಚ್ಚು.

ಬ್ರೋಕರ್ ಅಕ್ಕ ಬೀಗದ ಕೈಗಳ ದೊಡ್ಡ ಗೊಂಚಲು ಹಿಡಿದು ಬಂದಳು. ಅಮ್ಮ ಆ ಗೊಂಚಲನ್ನೂ ಹೊಗಳಿದಳು. ಅಕ್ಕ ಕೂತು ಎಲ್ಲರನ್ನೂ ಒಮ್ಮೆ ನೋಡಿದಳು.

"ಅಣ್ಣಾ, ನೀವಿಬ್ರೂ ಮನೇಲೇ ಇರಿ. ನನ್ ಜೊತೆ ಈ ಹುಡುಗಿ ಬರ್ಲಿ. ಬಂದಾಗಿಂದ ಉಸಿರು ಬಿಟ್ಟಿಲ್ಲ ಇವಳು."

ಡಿಗ್ರಿ ಮುಗಿಸಿದ ಮೇಲೆ ಹೋದ ಇಂಟರ್‌ವ್ಯೂಗಳಲ್ಲೆಲ್ಲ ನನ್ನನ್ನು ಸೋಲಿಸಿದ ಮೌನಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಅಕ್ಕ ಕರೆದೊಯ್ದ ಮನೆಯ ಮಾಲೀಕ ಒಂದೊಂದೇ ಕೋಣೆ ತೋರಿಸುತ್ತ ನನ್ನ ಮುಖ ನೋಡುತ್ತಿದ್ದ. ನಾನು ಸಂಕೋಚದಿಂದ ಗೋಡೆ ನೋಡುತ್ತಿದ್ದೆ. "ಅಲ್ಲಿ ಸ್ವಲ್ಪ ತೇವ ಇದೆ, ನಿಜ," ಎಂದ ಅವನೇ. ನಾನು ಕಿಟಕಿ ಕಡೆ ತಿರುಗಿದೆ. "ವೆಲ್ಡಿಂಗ್ ಶಾಪಿನ ಸದ್ದು ಸಂಜೆ ನಿಲ್ಲುತ್ತೆ ಕಣಮ್ಮ." ಕೊನೆಗೆ ಬೆಲೆಯನ್ನೂ ಅವನೇ ಇಳಿಸಿದ. ಅಕ್ಕ ನನ್ನ ಮೊಣಕೈ ಚಿವುಟಿದಳು.

ಆಗ ಹಿತ್ತಲ ಬಾಗಿಲಿನಾಚೆ ಬಚ್ಚಲು ಕಂಡಿತು. ಅದಕ್ಕೆ ಎರಡು ಎತ್ತರದ ಮೆಟ್ಟಿಲು. ಈಗಿನ ಮನೆಯಲ್ಲಿ ಅಜ್ಜಿಗೆ ಬಚ್ಚಲಿನ ಕಟ್ಟೆ ದಾಟಲು ಅಮ್ಮನ ಭುಜ ಬೇಕು, ಬಾಗಿಲು ಹಾಕಿಕೊಳ್ಳುವಂತಿಲ್ಲ. ಆಗೆಲ್ಲ ಅವಳು ಜೋಕು ಹೇಳುವುದು ಯಾಕೆಂದು ನನಗೆ ಗೊತ್ತು.

"ಮುಂಗಡ ಯಾವತ್ತು ಕೊಡ್ತಾರೆ ನಿಮ್ಮಪ್ಪ?" ಎಂದಳು ಅಕ್ಕ.

"ಬೇಡ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಬೀದಿಗೆ ಬಂದ ಮೇಲೆ ಅಕ್ಕ ಸಿಡುಕಿದಳು. "ಕೈಗೆ ಬಂದ ತುತ್ತು! ಏನಮ್ಮ ಕೊರತೆ?"

"ಅಜ್ಜಿ... ಅಜ್ಜಿಗೆ ಮಂಡಿ ಇಲ್ಲ."

ಅವಳು ಹಣೆ ಚಚ್ಚಿಕೊಂಡಳು. "ಮಾರೋನ ಹತ್ರ ಮುಚ್ಚಿಡಿ, ಸರಿ. ನನ್ ಹತ್ರಾನೂ ಮುಚ್ಚಿಟ್ರಾ? ಡಾಕ್ಟ್ರ ಹತ್ರ ಹೋಗಿ, ನೋವೆಲ್ಲಿ ಅಂತ ನೀವೇ ಹುಡುಕಿ ಅಂದ ಹಾಗಾಯ್ತು! ನಾನು ನಿಮ್ ಕಡೆಯೋಳಮ್ಮ."

ಮಾರುವವರ ಕಡೆಯಿಂದಲೂ ಅವಳಿಗೆ ಕಮಿಷನ್ ಇದೆಯೆಂದು ನನಗೆ ಗೊತ್ತಿತ್ತು. ಆದರೆ ಅನುಮಾನಪಡುವುದಕ್ಕೂ ತ್ರಾಣ ಬೇಕು.

"ಮುಂದಿನ ಮನೆಗೆ ಅಜ್ಜಿನೇ ಬರ್ಲಿ," ಎಂದಳು.

ಅಪ್ಪ ನನಗೇನೂ ಬೈಯಲಿಲ್ಲ. ತನ್ನ ಜೊತೆ ಕೆಲಸ ಮಾಡುವವನನ್ನು ಕರೆದು, ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೂರು ಮಹಡಿಯನ್ನೂ ನಿಂತು ನಿಂತು ಇಳಿಸಿದ. "ಮೆತ್ತಗೆ ಕಣ್ರೋ, ನಾನೇನು ಲಿಫ್ಟಿನ ಮೋಟ್ರಾ?" ಎಂದು ಅಜ್ಜಿ ಉದ್ದಕ್ಕೂ ಗದರಿದಳು.

ಅಕ್ಕ ತೋರಿಸಿದ ಎರಡನೆಯ ಮನೆಯಲ್ಲಿ ಅವಳು ನಡುಮನೆ ನೋಡಲಿಲ್ಲ, ಅಡುಗೆಮನೆ ನೋಡಲಿಲ್ಲ. ಗೋಡೆ ಹಿಡಿದು ಸೀದಾ ಬಚ್ಚಲಿಗೆ ನಡೆದಳು. ಹಿಂದೆ ಹೊರಟ ಅಮ್ಮನನ್ನು ಕೈಸನ್ನೆಯಲ್ಲೇ ತಡೆದಳು. ನಾವೆಲ್ಲ ಹೊರಗೆ ನಿಂತೆವು.

"ಹೇಗಿದೆ ಮನೆ?" ಎಂದಳು ಮನೆ ಮಾರುತ್ತಿದ್ದ ಹೆಂಗಸು. ಅಮ್ಮ ಬಾಯಿ ತೆರೆದಳು; ಅಕ್ಕನ ಕಣ್ಣು ನೋಡಿ ಕೆಮ್ಮಿದಳು.

ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು.

ಬೆವರಲ್ಲಿ ತೊಯ್ದಿದ್ದ ಅಪ್ಪ ಹೊಸಿಲ ಮೇಲೆ ಕುಸಿದು ಕೂತ. "ಬೆಲೆ ನೀವೇ ಮಾತಾಡಿಯಮ್ಮ," ಎಂದ ಅಕ್ಕನಿಗೆ, ಮೆಲ್ಲಗೆ. "ನಾನು ಬಾಯಿ ಬಿಟ್ರೆ ಕೆಡುತ್ತೆ."