ತವರಿನ ಶಾಲು

"ತೆಗಿ ಅದನ್ನ!" ಎನ್ನುತ್ತ ರಾಚಯ್ಯ ತಂಗಿಯ ಹೆಣದ ಮೇಲಿನ ಶಾಲನ್ನು ಎಳೆದೇಬಿಟ್ಟ. "ಊರೋರು ಹಾಕಿ ಬಿಸಾಕಿದ ಸ್ವೆಟರಿನ ನೂಲು. ಇದ್ರಲ್ಲಿ ನನ್ನ ತಂಗಿ ಮಣ್ಣಿಗೆ ಹೋಗ್ಬೇಕಾ?"

"ಅವ್ವನೇ ಹೆಣೆದದ್ದು, ಮಾವ. ಕೊನೇಗೆ ಇದನ್ನೇ ಹೊದ್ಸಿ ಅಂದಿದ್ಳು," ಎಂದಳು ಮಗಳು ಶಾಂತಲಾ, ಅಳುತ್ತಲೇ.

"ಅವಳು ಹೇಳ್ತಾಳೆ, ಬುಡು. ಬದುಕಿದ್ದಾಗ ಹಳೇದು ಬಿಚ್ಚಿದ್ದು ಸಾಲ್ದಾ? ತವರಿಂದು ಹೊಸದೇ ಬೀಳ್ಬೇಕು."

ನಡುವಟ್ಟಂನ ಆ ಅಂಗಳದಲ್ಲಿ ಅದು ಎಲ್ಲರೂ ಒಪ್ಪಿದ ಕಟ್ಟಳೆ. ಹೆಣ್ಣು ಸತ್ತರೆ ತವರಿನ ಬಟ್ಟೆಯೇ ಮೇಲೆ. ಅದು ಅಣ್ಣನ ಹಕ್ಕು. ಊಟಿಯಿಂದ ಇಲ್ಲಿಗೆ ಅಣ್ಣ ವರ್ಷಕ್ಕೊಮ್ಮೆಯೂ ಇಣುಕುತ್ತಿರಲಿಲ್ಲ ಎಂಬುದು ಬೇರೆ ಮಾತು.

*

ಟೀ ಸೊಪ್ಪು ಕೀಳಲು ಸೊಂಟ ಒಪ್ಪದಾದಾಗ ಶಾಂತಲಾಳ ಅವ್ವ ಸಿದ್ದಾಜಮ್ಮ ಹಳೇ ಸ್ವೆಟರ್ ಬಿಚ್ಚಿ ನೂಲು ತೆಗೆಯಲು ಕೂತಿದ್ದಳು. ಕೂನೂರಿನ ಕಂಪನಿಯೊಂದು ಹರಿದ ಸ್ವೆಟರುಗಳ ಮೂಟೆ ತಂದು ಇಳಿಸುತ್ತಿತ್ತು. ಬಿಚ್ಚಬೇಕು, ಒಗೆಯಬೇಕು, ಲಡಿ ಸುತ್ತಬೇಕು. ಹಳೆ ನೂಲಿನ ಬಟ್ಟೆಗೆ ಅದೆಲ್ಲಿಂದಲೋ ಗಿರಾಕಿ ಹೆಚ್ಚಿ, ಜಗಲಿಯ ತುಂಬ ಮೂಟೆಗಳೇ ಆದವು.

ಕಂಪನಿಯ ಇಂದ್ರಾಣಿ ತಮಿಳಿನಲ್ಲಿ ಅಜ್ಜಿ ಎಂದು ಕರೆಯುತ್ತಲೇ ಪ್ರತಿ ಸಲವೂ ಗೊಣಗುತ್ತಿದ್ದಳು. "ಪಾಟಿ, ನೂಲು ತುಂಡಾದಲ್ಲಿ ಗಂಟು ಹಾಕ್ಬೇಡಿ. ತುದಿ ಒದ್ದೆ ಮಾಡಿ ಹೊಸೆದ್ರೆ ಸಾಕು. ಶಾಲಲ್ಲಿ ಗಂಟು ಕಾಣ್ತದೆ."

"ಹೊಸೆದದ್ದು ಬುಟ್ಟೋಯ್ತದೆ ಕಣವ್ವ."

ಮತ್ತೆ ಗಂಟೇ. ಅದೂ ಒಂದರ ಮೇಲೊಂದು, ಮೂರು. ಅಂಥ ಮೊಂಡಿ.

*

ರಾಚಯ್ಯ ಚೀಲದಿಂದ ತಾನು ತಂದದ್ದನ್ನು ತೆಗೆದ. ಬೂದು ಬಣ್ಣದ ಉಣ್ಣೆ ಶಾಲು. ಅಂಗಡಿಯ ಚೀಟಿ ಇನ್ನೂ ಅಂಚಿನಲ್ಲಿ ನೇತಾಡುತ್ತಿತ್ತು.

"ದೊಡ್ಡಂಗಡೀದು. ಫಾರಿನ್ನೋರು ಮುಗಿಬಿದ್ದು ತಕ್ಕೋತಾರಂತೆ. ಹೊಸದು ಅಂದ್ರೆ ಇದು. ಹಿಡಿ ಆ ತುದಿ."

ಶಾಂತಲಾ ಹಿಡಿದಳು. ಬೆರಳಿಗೆ ಏನೋ ತಡೆಯಿತು. ತಿರುವಿ ನೋಡಿದಳು. ಒಳಮೈಯಲ್ಲಿ ಗಂಟು, ಒಂದರ ಮೇಲೊಂದು, ಮೂರು. ಗೇಣು ಆಚೆಗೆ ಅಂಥದ್ದೇ ಇನ್ನೊಂದು.

ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಹೇಳಿದರೆ ಮಾವ ಇದನ್ನೂ ಎಳೆದು ಬಿಸಾಡುತ್ತಾನೆ.

"ಏನಾಯ್ತವ್ವ?"

"ಏನಿಲ್ಲ, ಮಾವ. ಚೆನ್ನಾಗದೆ."

"ಮತ್ತೆ! ಸುಮ್ನೆನಾ?" ಎಂದ ರಾಚಯ್ಯ. ಅಷ್ಟು ಹೊತ್ತು ತಡೆದಿದ್ದ ಅಳು ಅವನಿಗೂ ಆಗ ಬಂತು.

ಇಬ್ಬರೂ ಸೇರಿ ಹೊದಿಸಿದರು. ಶಾಂತಲಾ ಗಂಟಿರುವ ಮೈಯನ್ನು ಒಳಕ್ಕೆ ಮಾಡಿ, ಶಾಲಿನೊಳಗೆ ಕೈ ತೂರಿಸಿ, ಅವ್ವನ ಹೆಬ್ಬೆರಳನ್ನು ಒಂದು ಗಂಟಿನ ಮೇಲೆ ಇಟ್ಟಳು.