ಸೋನುನಳ ಇಡುಗಂಟು

ತುರ್ದಾಕುನ್ ಕೆಂಚು ಕುದುರೆಯ ಮುಂಗಾಲಿಗೆ ಹಗ್ಗ ಸುತ್ತುತ್ತಿದ್ದ. ಕುದುರೆ ತಲೆ ಕೊಡವಿ ಹಿಂದೆ ಸರಿಯಿತು. ಬೆಳಗಿನಿಂದ ಯಾರೂ ಅದರ ಹಾಲು ಕರೆದಿರಲಿಲ್ಲ. ಕೆಚ್ಚಲು ಬಿಗಿದು ಹಾಲು ತಾನೇ ತೊಟ್ಟಿಕ್ಕುತ್ತಿತ್ತು. ಅಂಗಳದ ಆ ತುದಿಯಲ್ಲಿ ಗೂಟಕ್ಕೆ ಕಟ್ಟಿದ್ದ ಮರಿ ತಾಯಿಯ ಕಡೆಗೆ ಜಗ್ಗುತ್ತಿತ್ತು.

“ನಿಲ್ಲೇ ಹಠಮಾರಿ. ನಿನ್ನ ಒಡತಿ ಥರಾನೇ ಆಡ್ತೀಯಲ್ಲ,” ಎಂದ ತುರ್ದಾಕುನ್. ಅವನಿಗೆ ಎಪ್ಪತ್ತು ದಾಟಿತ್ತು. ಸತ್ತ ಸೋನುನಳ ಮೈದುನ ಅವನು. ಅವಳ ಗಂಡ ಹೋಗಿ ಎಷ್ಟೋ ವರ್ಷವಾಗಿದ್ದರಿಂದ ಈ ಮನೆಯ ಸಾವಿಗೆ ಅವನೇ ಯಜಮಾನ. ತನ್ನ ಮನೆಯಿಂದ ದೊಡ್ಡ ಕಬ್ಬಿಣದ ಕಡಾಯಿಯನ್ನೂ ಹೊರಿಸಿಕೊಂಡು ಬಂದಿದ್ದ. ಅದು ಒಲೆಯ ಪಕ್ಕದಲ್ಲಿ ಬಾಯಿ ತೆರೆದು ಕಾಯುತ್ತಿತ್ತು.

ಊರಿನ ಮೌಲ್ವಿ ಹತ್ತಿರ ಬಂದ. “ತುರ್ದಾಕುನಣ್ಣ, ಸತ್ತ ಮನೇಲಿ ಕುದುರೆ ಕಡೀಬಾರದು, ಸತ್ತವರ ಮಕ್ಕಳ ಬಾಯಿಂದ ಕಿತ್ಕೊಂಡು ತಿನ್ನಬಾರದು ಅಂತ ಎಷ್ಟು ಸಲ ಹೇಳಿಲ್ಲ ನಾನು?”

“ಹೇಳ್ತೀರ. ಆಮೇಲೆ ಮೊದಲ್ನೇ ತಟ್ಟೆ ನಿಮ್ಮ ಮುಂದೇನೇ ಬರುತ್ತೆ. ಅದನ್ನ ಬೇಡ ಅಂದಿದ್ದು ಮಾತ್ರ ನಾನು ನೋಡಿಲ್ಲ.”

ತುರ್ದಾಕುನ್ ಹಗ್ಗದ ಗಂಟು ಬಿಗಿದ.

“ನಮ್ಮ ಬೀಗರು, ಮಗನ ಮಾವನ ಮನೆಯೋರು, ತಲಾಸ್‌ನಿಂದ ಎರಡು ಕಾರು ಮಾಡ್ಕೊಂಡು ಬರ್ತಿದಾರೆ. ಅವರ ಮುಂದೆ ಬರೀ ಚಹಾ ರೊಟ್ಟಿ ಇಡ್ಲಾ? ಎಂಬತ್ತು ವರ್ಷ ಬದುಕಿದೋಳಿಗೆ ಒಂದು ಕುದುರೆ ಬೀಳಲಿಲ್ಲ ಅಂದ್ರೆ ಜನ ಉಗಿಯೋದು ನನ್ನ ಮುಖಕ್ಕೆ. ಮಣ್ಣು ಮಾಡಿ ಬರೋಷ್ಟರಲ್ಲಿ ಮಾಂಸ ಬೆಂದಿರ್ಬೇಕು.”

ಈ ಮಾತೆಲ್ಲ ಅಂಗಳದ ಕಂಬಳಿ ಗುಡಾರದೊಳಗೆ ಕೇಳುತ್ತಿತ್ತು. ಅಲ್ಲಿ ಪರದೆಯ ಹಿಂದೆ ಸೋನುನಳನ್ನು ಮಲಗಿಸಿದ್ದರು. ಪರದೆಯ ಈಚೆ ಅವಳ ಒಬ್ಬಳೇ ಮಗಳು ಬುರುಲ್ ಕಪ್ಪು ಬಟ್ಟೆ ತೊಟ್ಟು, ಬಾಗಿಲಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಕುಳಿತಿದ್ದಳು. ಹೆಣ ಎತ್ತುವವರೆಗೆ ಮಗಳು ಅಲ್ಲಿಂದ ಏಳುವಂತಿಲ್ಲ. ಹೊರಗೆ ಬಂದವರು ಗೋಳಿಟ್ಟಾಗಲೆಲ್ಲ ಒಳಗಿನಿಂದ ಹಾಡಿ ಅಳಬೇಕು. ಗಂಡಸರೊಂದಿಗೆ ಬೇರೆ ಮಾತಿಲ್ಲ. ಎರಡು ದಿನದಿಂದ ಹಾಡಿ ಹಾಡಿ ಅವಳ ಗಂಟಲು ಹರಿದುಹೋಗಿತ್ತು. ಮಂಡಿಗಳು ಮೊದಲೇ ಹೋಗಿದ್ದವು.

“ಕೇಳಿಸ್ತೇನೇ?” ಎಂದಳು ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯ ಕಾಲಿಪಾ ಅಜ್ಜಿ. “ಕುದುರೆ ಕಾಲು ಕಟ್ತಿದಾನೆ.”

“ಕೇಳಿಸ್ತು ಅಜ್ಜಿ.”

“ನಿಮ್ಮವ್ವನ ಪಿಂಚಣಿ ಅವಳ ಜೊತೇಲೇ ಹೋಯ್ತು. ಕುದುರೇನೂ ಹೋದ್ರೆ ನೀನು ಏನು ತಿಂತೀಯ, ಮಣ್ಣಾ? ಎದ್ದು ಹೋಗಿ ಬೇಡ ಅನ್ನು.”

“ಹೆಣ ಇರೋವಾಗ ಹೇಗೆ ಏಳ್ಲಿ? ಅಪ್ಪನ ಸ್ಥಾನದಲ್ಲಿರೋರಿಗೆ ಎದುರು ಮಾತಾಡಿದ್ಲು ಅಂತಾರೆ.”

“ಅಂದ್ಕೊಳ್ಲಿ ಬಿಡು. ಅನ್ನೋ ಬಾಯಿ ಚಳಿಗಾಲದಲ್ಲಿ ನಿನಗೆ ಕಲ್ಲಿದ್ದಲು ತಂದು ಹಾಕುತ್ತಾ?”

ಬುರುಲ್ ನೋಯುತ್ತಿದ್ದ ಮಂಡಿಯನ್ನು ನೀವಿಕೊಂಡಳು. ಅವಳಿಗೆ ಅಳುವುದಕ್ಕೂ ಸುಸ್ತಾಗಿತ್ತು.

*

ಸೋನುನ್ ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದವಳು. ಸೋಡಾ ನೀರಿಗೆ ಅವಳ ಬೆರಳಿನ ತುದಿಗಳು ಬಿಳಿಚಿ ಸುಕ್ಕಾಗಿ, ಕೊನೆಯವರೆಗೂ ಹಾಗೇ ಉಳಿದವು. ತಿಂಗಳು ತಿಂಗಳೂ ಮುಪ್ಪಿಗೆಂದು ಬ್ಯಾಂಕಿನಲ್ಲಿ ಇಷ್ಟಿಷ್ಟು ಇಡುತ್ತಾ ಬಂದಿದ್ದಳು. ಒಂದು ಚಳಿಗಾಲ ದೇಶವೇ ಮುರಿದುಬಿತ್ತು, ನೋಟಿಗೆ ಬೆಲೆ ಇಲ್ಲದಾಯಿತು. ಇಟ್ಟ ಹಣ ಕೈಗೆ ಬರುವ ಹೊತ್ತಿಗೆ ಅದಕ್ಕೆ ಒಂದು ಜೊತೆ ರಬ್ಬರ್ ಬೂಟು ಬಂತು.

ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ. ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, “ನೋಡೇ ಬುರುಲ್, ನನ್ನ ಮೂವತ್ತು ವರ್ಷ. ಒಂದೊಂದು ಕಾಲಿಗೆ ಹದಿನೈದು,” ಎಂದಳಂತೆ. ಆಮೇಲೆ ಮದುವೆಯ ಕಿವಿಯೋಲೆ ಮಾರಿ ಒಂದು ಹೆಣ್ಣು ಮರಿ ಕುದುರೆ ತಂದಳು.

ಅಂದಿನಿಂದ ಅವಳದು ಒಂದೇ ಮಾತು. “ಹಾಲು ಕುಡಿ, ಮರಿ ಮಾರು, ತಾಯೀನ ಮುಟ್ಬೇಡ.” ಬೇಸಿಗೆಯಿಡೀ ಹಾಲು ಹುಳಿ ಬರಿಸಿ ಕುಮಿಸ್ ಎಂಬ ಪಾನೀಯ ಮಾಡಿ ರಸ್ತೆ ಬದಿ ಮಾರಿದಳು. ಶರತ್ಕಾಲದಲ್ಲಿ ಮರಿ ಮಾರಿದರೆ ಹಿಟ್ಟು, ಕಲ್ಲಿದ್ದಲು. ತಾಯಿಗೆ ವಯಸ್ಸಾಗುತ್ತಾ ಬಂದರೆ ಆ ವರ್ಷದ ಹೆಣ್ಣು ಮರಿಯನ್ನು ಉಳಿಸಿಕೊಂಡು, ಹೊಟ್ಟೆ ಕಟ್ಟಿ ಚಳಿಗಾಲ ಕಳೆಯುವುದು. ಕುದುರೆಯ ಕೆಚ್ಚಲು ಚಿಕ್ಕದು. ಎರಡು ಗಂಟೆಗೊಮ್ಮೆ ಒಂದು ಮಂಡಿಯೂರಿ ಕರೆಯಬೇಕು. ಬೇಸರವಾಗುತ್ತಿತ್ತು ಅವಳಿಗೆ, ಆಗದೆ ಏನು. ಆದರೂ ಏಳುತ್ತಿದ್ದಳು.

ಕೂಡಿಡುವುದು ಎಲ್ಲ ಊರಿನಲ್ಲೂ ಕಷ್ಟವೇ. ಇಲ್ಲಿ ಕೂಡಿಟ್ಟದ್ದನ್ನು ನೆಂಟರಿಂದ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಜನ. ಮದುವೆಗೊಂದು ಕುದುರೆ, ಸಾವಿಗೊಂದು ಕುದುರೆ, ನಲವತ್ತನೇ ದಿನಕ್ಕೆ ಇನ್ನೊಂದು. ತುರ್ದಾಕುನನ ಮಗನ ಮದುವೆಗೆ ತಾಯಿ ಕುದುರೆಯನ್ನು ಕೇಳಿದಾಗ ಸೋನುನ್ ಒಂದು ತಲೆವಸ್ತ್ರ, ಒಂದು ಚೀಲ ಒಣ ಮೊಸರುಂಡೆ ಕೊಟ್ಟು ಕೈತೊಳೆದುಕೊಂಡಳು. ಜಿಪುಣಿ ಎಂಬ ಹೆಸರು ಬಂತು, ಮತ್ತೆ ಹೋಗಲಿಲ್ಲ.

ಬುರುಲ್ ರಾಜಧಾನಿಯ ಸಂತೆಯಲ್ಲಿ ಯಾರದೋ ಅಂಗಡಿಯಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡು, ಐವತ್ತರ ಹತ್ತಿರ ಊರಿಗೆ ಬಂದಳು. ಗಂಡ ಎಂದೋ ಬಿಟ್ಟಿದ್ದ, ಮಕ್ಕಳಿರಲಿಲ್ಲ. ಅಂಗಡಿಯ ಯಜಮಾನಿ ಅವಳ ಹೆಸರನ್ನು ಎಲ್ಲೂ ಬರೆಸಿರಲಿಲ್ಲವಾದ್ದರಿಂದ ಸರ್ಕಾರದ ಲೆಕ್ಕದಲ್ಲಿ ಅವಳು ದುಡಿದೇ ಇರಲಿಲ್ಲ, ಪಿಂಚಣಿಯೂ ಇಲ್ಲ. ತಾಯಿ ಅವಳ ಕೈಯ ಚೀಲ ನೋಡಿದಳು.

“ಇಷ್ಟೇನಾ?”

“ಇಷ್ಟೇ ಅವ್ವಾ.”

“ಸರಿ. ಕೈಕಾಲು ತೊಳ್ಕೊ,” ಎಂದು ಸೋನುನ್ ಬಕೆಟ್ ತೆಗೆದುಕೊಂಡು ಹಾಲು ಕರೆಯಲು ಹೋದಳು. ತನ್ನ ಕಾಲಕ್ಕೆ ಸಾಕು ಎಂದುಕೊಂಡಿದ್ದ ಗಂಟನ್ನು ಇನ್ನು ಮಗಳ ಕಾಲಕ್ಕೂ ಎಳೆಯಬೇಕಿತ್ತು.

*

ಕೆಂಚು ಕುದುರೆಯ ತಾಯಿ ಮುದಿಯಾಗಿ ಮರಿ ಹಾಕುವುದನ್ನು ನಿಲ್ಲಿಸಿದ ವರ್ಷ ಸೋನುನ್ ಅದನ್ನು ಮಾರಲಿಲ್ಲ. ಕಡಿಸಿ, ಊರಿಗೇ ಊಟ ಹಾಕಿದಳು. ಜಿಪುಣಿಯ ಮನೆಯ ಊಟವೆಂದರೆ ಯಾರು ತಪ್ಪಿಸಿಕೊಳ್ಳುತ್ತಾರೆ? ಕುಂಟರೂ ಬಂದರು.

“ಯಾರ ಮದುವೆ ಅತ್ತಿಗೆ? ನಿಂದೇನಾ?” ಎಂದ ತುರ್ದಾಕುನ್, ಬಾಯ್ತುಂಬ ಮಾಂಸ ಇಟ್ಟುಕೊಂಡು.

“ಮದುವೆಯಲ್ಲ ಮೈದುನಾ, ನನ್ನ ಸಾವು. ಆ ದಿನ ನನಗೆ ನೋಡೋಕಾಗಲ್ಲ. ಅದಕ್ಕೇ ಯಾರ್ಯಾರು ಎಷ್ಟೆಷ್ಟು ತಿಂತೀರ ಅಂತ ಈಗ್ಲೇ ನೋಡ್ಕೊಂಡ್ಬಿಡ್ತೀನಿ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಗಲಿಲ್ಲ. “ಹಿಂದಿನೋರೂ ಬದುಕಿದ್ದಾಗ್ಲೇ ತಮ್ಮ ಊಟ ಹಾಕ್ತಿದ್ರು, ನಾನೇನು ಹೊಸದು ಮಾಡ್ತಿಲ್ಲ. ನನ್ನ ಕುದುರೆ ಇವತ್ತು ಬಿತ್ತು. ಆ ದಿನ ಚಹಾ, ರೊಟ್ಟಿ, ಅಷ್ಟೇ. ಒಪ್ಪಿಗೇನಾ?”

“ಒಪ್ಪಿಗೆ, ಒಪ್ಪಿಗೆ!” ಮೌಲ್ವಿ ಅಂಗೈ ಎತ್ತಿ ಹರಸಿದ. ಎಲ್ಲರೂ ಜಿಡ್ಡುಗೈಯನ್ನು ಮುಖಕ್ಕೆ ಸವರಿಕೊಂಡು ಆಮೀನ್ ಎಂದರು. ತುರ್ದಾಕುನ್ ಸೊಂಟದ ದೊಡ್ಡ ಎಲುಬನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ದ.

ಅದನ್ನು ಯಾರೂ ಕೊಟ್ಟ ಮಾತೆಂದು ತೆಗೆದುಕೊಂಡಿರಲಿಲ್ಲ. ಮುದುಕಿಯ ತಮಾಷೆ ಎಂದುಕೊಂಡಿದ್ದರು.

*

ಕಾರುಗಳು ಬಂದು ನಿಂತವು. ತಲಾಸ್‌ನ ಬೀಗರು ಇಳಿದು, ಗುಡಾರದ ಕಡೆಗೆ ಬಾಗಿ ನಡೆಯುತ್ತಲೇ ಗೋಳಿಟ್ಟರು. “ಅಯ್ಯೋ ತಾಯೇ, ಎಲ್ಲಿ ಹೋದೆ ತಾಯೇ!”

“ಹಾಡು,” ಎಂದು ಕಾಲಿಪಾ ಅಜ್ಜಿ ಬುರುಲಳ ತೊಡೆ ಮುಟ್ಟಿದಳು. ಹೊರಗೆ ಕತ್ತಿ ಮಸೆಯುವ ಸದ್ದು ನಿಂತಿತು. ಒಳಗೆ ಹೆಣ್ಣುಮಕ್ಕಳು ಹಾಡಿ ಅಳುವಾಗ ಯಾರೂ ಕೆಲಸ ಮಾಡುವುದಿಲ್ಲ, ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ. ಮೌಲ್ವಿಯೂ ಕೂಡ.

ಬುರುಲ್ ಎರಡು ದಿನದಿಂದ ಹಾಡುತ್ತಿದ್ದ ಸಾಲುಗಳನ್ನೇ ಹಾಡಿದಳು: ಬೆಟ್ಟ ಬಿತ್ತು, ನೆರಳು ಹೋಯಿತು. ದನಿ ಒಡೆದು ನಿಂತಿತು. ಗೋಡೆ ನೋಡುತ್ತಾ ಉಸಿರೆಳೆದುಕೊಂಡಳು. ಹೊರಗೆ ಮರಿ ಕೂಗಿತು. ಆಮೇಲೆ ಬಂದ ಸಾಲುಗಳು ಯಾರೂ ಅವಳಿಗೆ ಕಲಿಸಿದವಲ್ಲ.

“ನನ್ನವ್ವ ಮಣ್ಣಿಗೆ ಹೊರಟದ್ದು ಇಂದು, ಉಣಬಡಿಸಿದ್ದು ಅಂದೇ,
ಕಣ್ಣು ತೆರೆದಿರುವಾಗಲೇ ತನ್ನ ಸಾವಿನೂಟ ಹಾಕಿದಳು.
ಕೂತು ಉಂಡ ಚಿಕ್ಕಪ್ಪ, ಕೈಯೆತ್ತಿ ಒಪ್ಪಿದ,
ಸೊಂಟದೆಲುಬು ಕಟ್ಟಿಕೊಂಡು ಮನೆಗೂ ಒಯ್ದ.

ಬಡವಿಯಲ್ಲ ನನ್ನವ್ವ, ಯಾರ ಋಣವೂ ಇಲ್ಲ,
ಉಂಡ ಬಾಯಿ ಮರೆತರೆ ಅವಳದೇನು ತಪ್ಪು?
ಅಂಗಳದ ಕೆಂಚು ಕುದುರೆ ಸಾವಿನ ಅಡುಗೆಯಲ್ಲ,
ಮಂಡಿ ಸೋತ ಮಗಳ ಮುಪ್ಪಿನ ರೊಟ್ಟಿ.”

ಕಾಲಿಪಾ ಅಜ್ಜಿ ತಲೆವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಹೊರಗೆ ಬೀಗರಲ್ಲಿ ಹಿರಿಯವನು ಕೋಲೂರಿ ನಿಂತು, ಅಂಗಳದ ಕುದುರೆಯನ್ನೂ ಕಡಾಯಿಯನ್ನೂ ನೋಡಿದ.

“ನಿಜಾನಾ ಮೌಲ್ವಿಗಳೇ?”

“ನಿಜ. ಕೈಯೆತ್ತಿ ಹರಸಿದ್ದು ನಾನೇ. ಹೆಚ್ಚು ತಿಂದೋನೂ ನಾನೇ, ಮರ್ತೋನೂ ನಾನೇ.”

“ಹಾಗಾದ್ರೆ ನಮಗೆ ಚಹಾ ಸಾಕು ಬೀಗರೇ,” ಎಂದ ಅವನು ತುರ್ದಾಕುನನಿಗೆ. “ನಮ್ಮಪ್ಪ ಹೋದಾಗ ನಾವು ಮೂರು ಕುದುರೆ ಕಡಿದ್ವಿ. ಊರೆಲ್ಲ ಹೊಗಳ್ತು. ಆ ಚಳಿಗಾಲ ನಮ್ಮವ್ವ ಪಕ್ಕದ ಮನೆಗೆ ಹೋಗಿ ಹಾಲು ಬೇಡ್ತಿದ್ಲು.”

ತುರ್ದಾಕುನ್ ಕತ್ತಿಯನ್ನು ಬೂಟಿನೊಳಕ್ಕೆ ತುರುಕಿದ. “ಅತ್ತಿಗೆ ತಮಾಷೆಗೆ ಅಂದಿದ್ದು ಅಂದ್ಕೊಂಡಿದ್ದೆ,” ಎಂದ. ಗಂಡಸರು ಹೆಣ ಎತ್ತಿದರು.

ಮಣ್ಣು ಮಾಡಿ ಬಂದವರು ಚಹಾ ಕುಡಿದರು, ರೊಟ್ಟಿ ಮುರಿದರು, ಬೇಗ ಎದ್ದರು. ಒಂದಿಬ್ಬರ ಮುಖ ಗಂಟಿಕ್ಕಿತ್ತು. ಮುಂದಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ. ಬುರುಲ್ ಗುಡಾರದಿಂದ ಹೊರಬಂದು, ಅವ್ವನ ಬಕೆಟ್ ಹುಡುಕಿ ತಂದು, ಕುದುರೆಯ ಕಾಲಿನ ಹಗ್ಗ ಬಿಚ್ಚಿದಳು. ಅವ್ವನ ಹಾಗೆ ಒಂದು ಮಂಡಿಯೂರಲು ನೋಡಿದಳು. ಮಂಡಿ ಮಡಚಲಿಲ್ಲ. ಮತ್ತೆ ನೋಡಿದಳು. ಕುದುರೆಯ ಮೈಗೆ ಒರಗಿ ಹಾಗೇ ನಿಂತುಬಿಟ್ಟಳು, ಎರಡು ದಿನದಲ್ಲಿ ಮೊದಲ ಬಾರಿ ಹಾಡಿಲ್ಲದೆ ಅತ್ತಳು.

ಹಿಂದೆ ಏನೋ ಎಳೆಯುವ ಸದ್ದಾಯಿತು. ತುರ್ದಾಕುನ್ ದೊಡ್ಡ ಕಡಾಯಿಯನ್ನು ನೆಲದ ಮೇಲೆ ಎಳೆದುಕೊಂಡು ಬಂದು, ಏದುಸಿರು ಬಿಡುತ್ತಾ ಕುದುರೆಯ ಪಕ್ಕದಲ್ಲಿ ಬೋರಲು ಹಾಕಿದ.

“ಕೂತ್ಕೊ,” ಎಂದ, ಅವಳ ಮುಖ ನೋಡದೆ.

ಬುರುಲ್ ಕಡಾಯಿಯ ಮೇಲೆ ಕುಳಿತಳು. ಕೆಚ್ಚಲು ಸರಿಯಾಗಿ ಕೈಗೆಟುಕಿತು. ಅವನು ಮರಿಯನ್ನು ಬಿಚ್ಚಿ ತಂದು ತಾಯಿಗೆ ಬಿಟ್ಟು, ಹಾಲು ಇಳಿದ ಮೇಲೆ ಅದರ ಕೊರಳು ತಬ್ಬಿ ಹಿಂದಕ್ಕೆ ಎಳೆದು ಹಿಡಿದುಕೊಂಡ. ಬಕೆಟ್ಟಿನ ತಳದಲ್ಲಿ ಹಾಲು ಸದ್ದು ಮಾಡತೊಡಗಿತು. ಮರಿ ಹಾಲು ಮೆತ್ತಿದ ಮೂತಿಯನ್ನು ಮುದುಕನ ಹಬ್ಬದ ಕೋಟಿಗೆ ಒರೆಸುತ್ತಿತ್ತು. ಅವನು ಬಿಡಿಸಿಕೊಳ್ಳಲಿಲ್ಲ.